ಮೇಲ್ಸೇತುವೆ ಬೇಡ ಅನ್ನುವ ಮೊದಲು ಮುಂದಿನ ಸಿಗ್ನಲ್ ನೋಡಿ

ಓದುಗರ ಪ್ರಶ್ನೆ: ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮೂವತ್ತು ವರ್ಷದಿಂದ ಇದ್ದೇವೆ. ನಮ್ಮ ಮುಖ್ಯರಸ್ತೆ 60 ಅಡಿ, ಅಂದರೆ 18 ಮೀಟರ್ ಅಗಲ. ನಾಲ್ಕು ರಸ್ತೆ ಕೂಡುವ ವೃತ್ತದಲ್ಲಿ ಬೆಳಿಗ್ಗೆ, ಸಂಜೆ ವಾಹನಗಳು ಕಿಕ್ಕಿರಿಯುತ್ತವೆ. ಅಲ್ಲಿ 620 ಮೀಟರ್ ಉದ್ದದ ದ್ವಿಪಥ ಮೇಲ್ಸೇತುವೆ ಕಟ್ಟುವುದಾಗಿ ನಗರ ಪಾಲಿಕೆ ಹೇಳಿದೆ. ವೆಚ್ಚ ಸುಮಾರು 70 ಕೋಟಿಯಂತೆ. 58 ಮರಗಳಿಗೆ ನಂಬರ್ ಹಾಕಿದ್ದಾರೆ, ಕೆಲವರ ಕಾಂಪೌಂಡಿಗೆ ಕೆಂಪು ಗುರುತು ಬಿದ್ದಿದೆ. ಮುಂದಿನ ಸಿಗ್ನಲ್ ಇರುವುದು ವೃತ್ತದಿಂದ 700 ಮೀಟರ್ ದೂರದಲ್ಲಿ. ಬಡಾವಣೆಯ ಅರ್ಧ ಜನ ಸೇತುವೆ ಬೇಕು ಅನ್ನುತ್ತಾರೆ, ಉಳಿದರ್ಧ ಬೇಡ ಅನ್ನುತ್ತಾರೆ. ಸೇತುವೆಯಿಂದ ನಿಜಕ್ಕೂ ದಟ್ಟಣೆ ಕಡಿಮೆಯಾಗುತ್ತದೆಯೇ? ಪಾಲಿಕೆ ತೀರ್ಮಾನ ಮಾಡಿದ ಮೇಲೆ ನಾವು ಏನಾದರೂ ಮಾಡಲು ಸಾಧ್ಯವೇ? ಒಬ್ಬರು ನೇರವಾಗಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರೋಣ ಅನ್ನುತ್ತಾರೆ. ಇನ್ನೊಬ್ಬರಿಗೆ ಪೊಲೀಸ್ ಕೇಸಿನ ಭಯ. ಅಭಿವೃದ್ಧಿ ವಿರೋಧಿಗಳು ಅನ್ನಿಸಿಕೊಳ್ಳುವುದು ಬೇರೆ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಸೇರಿಕೊಂಡಿವೆ. ಸೇತುವೆ ಬಂದರೆ ಬಡಾವಣೆ ಕೆಡುತ್ತದೆ ಅನ್ನುವುದು ಒಂದು. ಬೇಡ ಅಂದರೆ ದಟ್ಟಣೆ ಹಾಗೇ ಉಳಿಯುತ್ತದೆ, ಅದರ ತಪ್ಪು ನಮ್ಮ ತಲೆಗೆ ಬರುತ್ತದೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಕ್ಕದೆ ಮೊದಲನೆಯದಕ್ಕಾಗಿ ಬೀದಿಗಿಳಿದರೆ ಬಡಾವಣೆಯ ಆ ಇನ್ನರ್ಧ ಜನ ನಿಮ್ಮ ಜೊತೆ ಬರುವುದಿಲ್ಲ. ಹಾಗಾಗಿ ಸೇತುವೆ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದನ್ನು ನೀವು ಕೊಟ್ಟ ಅಳತೆಗಳಿಂದಲೇ ಮೊದಲು ನೋಡೋಣ.

ಎತ್ತರ, ಇಳಿಜಾರು, ಅಗಲ

ನಗರದ ರಸ್ತೆಯ ಮೇಲೆ ಹಾಯುವ ಸೇತುವೆಯ ಕೆಳಗೆ 5.5 ಮೀಟರ್ ಎತ್ತರ ಖಾಲಿ ಇರಬೇಕು. ತೊಲೆ ಮತ್ತು ಹಾಸಿನ ದಪ್ಪ ಒಂದೂವರೆಯಿಂದ ಎರಡು ಮೀಟರ್. ಅಂದರೆ ವೃತ್ತದ ಮೇಲೆ ಸೇತುವೆಯ ರಸ್ತೆ ನೆಲದಿಂದ ಸುಮಾರು 7.25 ಮೀಟರ್ ಮೇಲಿರುತ್ತದೆ. ಬಸ್ಸು, ಲಾರಿ ಸಲೀಸಾಗಿ ಏರಬೇಕಾದರೆ 30ಕ್ಕೆ 1ರ ಇಳಿಜಾರು ಬೇಕು, ಪ್ರತಿ 30 ಮೀಟರ್ ಮುಂದೆ ಹೋದಾಗ 1 ಮೀಟರ್ ಏರುವಂತೆ. 7.25 ಮೀಟರ್ ಏರಲು ಒಂದೊಂದು ಕಡೆ ಸುಮಾರು 220 ಮೀಟರ್. ವೃತ್ತದ ಮೇಲಿನ ಭಾಗ, ಇಳಿಜಾರಿನ ತುದಿಗಳಲ್ಲಿ ಬೇಕಾಗುವ ಬಾಗು ಎಲ್ಲ ಸೇರಿಸಿದರೆ 600 ಮೀಟರ್ ಆಸುಪಾಸಿಗೆ ಬರುತ್ತದೆ. ನಿಮ್ಮ ಪಾಲಿಕೆಯ 620 ಮೀಟರ್ ಲೆಕ್ಕ ಅಷ್ಟರಮಟ್ಟಿಗೆ ಸರಿಯಾಗಿದೆ. ಇದನ್ನು ಅನುಮಾನಿಸಿ ಸಮಯ ಹಾಳು ಮಾಡಬೇಡಿ. ಆದರೆ ಜಾಗ ಸಾಲದೆಂದು ಮುಂದೆ ಉದ್ದ ಮೊಟಕು ಮಾಡಿದರೆ ಇಳಿಜಾರು ಕಡಿದಾಗುತ್ತದೆ, ಆಗ ಎಚ್ಚರ ಬೇಕು. ಶಿವಾನಂದ ವೃತ್ತದ ಉಕ್ಕಿನ ಸೇತುವೆಗೆ ಮೊದಲು ಯೋಚಿಸಿದ್ದು ಸುಮಾರು 326 ಮೀಟರ್. ಇಳಿಜಾರು ತಗ್ಗಿಸಲು ಅದನ್ನು 493 ಮೀಟರಿಗೆ ಹಿಗ್ಗಿಸಬೇಕಾಯಿತು. 2017ರಲ್ಲಿ ಶುರುವಾದ ಆ ಪುಟ್ಟ ಸೇತುವೆ ಬಳಕೆಗೆ ಬಂದದ್ದು 2022ರಲ್ಲಿ.

ನಿಮ್ಮ ರಸ್ತೆಯ ತೊಡಕು ಇರುವುದು ಅಗಲದಲ್ಲಿ. ದ್ವಿಪಥ ಸೇತುವೆಗೆ 7.5 ಮೀಟರ್ ರಸ್ತೆ, ಎರಡೂ ಬದಿ ಅರ್ಧರ್ಧ ಮೀಟರ್ ತಡೆಗೋಡೆ, ಒಟ್ಟು 8.5 ಮೀಟರ್. ಕೆಳಗೆ ಎರಡೂ ಪಕ್ಕದಲ್ಲಿ ಸರ್ವಿಸ್ ರಸ್ತೆ ಕನಿಷ್ಠ 5.5 ಮೀಟರ್ ಇಲ್ಲದಿದ್ದರೆ ನಿಂತ ಒಂದು ಆಟೋ ದಾಟಿ ಬಸ್ಸು ಹೋಗಲಾರದು. ಕಾಲುದಾರಿ ಕನಿಷ್ಠ 1.8 ಮೀಟರ್. ಕೂಡಿಸಿ ನೋಡಿ: 8.5, ಅದಕ್ಕೆ 11, ಅದಕ್ಕೆ 3.6, ಒಟ್ಟು 23.1 ಮೀಟರ್. ನಿಮ್ಮಲ್ಲಿರುವುದು 18. ಐದು ಮೀಟರ್ ಕೊರತೆ. ಕಾಂಪೌಂಡಿನ ಮೇಲೆ ಕೆಂಪು ಗುರುತು ಬಿದ್ದಿರುವುದು ಇದೇ ಐದು ಮೀಟರಿಗೆ. ಜಾಗ ಸ್ವಾಧೀನ ಮಾಡದೆ ಕಟ್ಟಿದರೆ ಮೊದಲು ಮಾಯವಾಗುವುದು ಕಾಲುದಾರಿ, ಆಮೇಲೆ ಮರ, ಆಮೇಲೆ ಚರಂಡಿಯ ಅಗಲ.

ನಕ್ಷೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಇನ್ನೊಂದು ಸಂಗತಿ ಇದೆ. ಸೇತುವೆ ನೆಲದಿಂದ ಮೇಲೇಳುವ ಮೊದಲ 120 ಮೀಟರ್ ಬರಿಯ ಗೋಡೆ. ಅದರಡಿ ಕಾರೂ ಹಾಯಲಾರದು. ಬಸ್ಸೋ ಅಗ್ನಿಶಾಮಕ ವಾಹನವೋ ಅಡಿಯಲ್ಲಿ ದಾಟಬೇಕಾದರೆ ಇಳಿಜಾರಿನ ಬುಡದಿಂದ ಸುಮಾರು 180 ಮೀಟರ್ ಒಳಗೆ ಬರಬೇಕು. ಆ ಗೋಡೆಯ ಉದ್ದಕ್ಕೆ ಬರುವ ಅಡ್ಡರಸ್ತೆಗಳೆಲ್ಲ ಎಡ ತಿರುವಿಗೆ ಮಾತ್ರ ಉಳಿಯುತ್ತವೆ. ಎದುರು ಬದಿಯ ಶಾಲೆಗೋ ಔಷಧದಂಗಡಿಗೋ ಹೋಗಬೇಕಾದವರು ಸುತ್ತಿಬರಬೇಕು, ವಯಸ್ಸಾದವರು ಗೋಡೆಯ ತುದಿಯವರೆಗೆ ನಡೆಯಬೇಕು. ನಿಮ್ಮ ಬಡಾವಣೆಯ ನಕ್ಷೆಯ ಮೇಲೆ ವೃತ್ತದಿಂದ ಎರಡೂ ಕಡೆ 310 ಮೀಟರ್ ಅಳೆದು, ಕೊನೆಯ 120 ಮೀಟರನ್ನು ಬಣ್ಣದಲ್ಲಿ ತುಂಬಿ. ಯಾವ ಅಡ್ಡರಸ್ತೆ, ಯಾವ ಗೇಟು, ಯಾವ ಬಸ್ ನಿಲ್ದಾಣ ಅದರೊಳಗೆ ಬೀಳುತ್ತದೆ ಅಂತ ಬರೆದಿಡಿ. ಸೇತುವೆ ಬೇಕು ಅನ್ನುವ ನೆರೆಯವರಿಗೆ ಭಾಷಣಕ್ಕಿಂತ ಈ ಒಂದು ಹಾಳೆ ಹೆಚ್ಚು ತಿಳಿಸುತ್ತದೆ.

ದಟ್ಟಣೆ ಕಡಿಮೆಯಾಗುತ್ತದೆಯೇ?

ಆ ವೃತ್ತದಲ್ಲಿ ಕಡಿಮೆಯಾಗುತ್ತದೆ, ಅದು ಸುಳ್ಳಲ್ಲ. ನೇರ ಹೋಗುವ ವಾಹನ ಮೇಲೆ ಹೋದಾಗ ಕೆಳಗಿನ ಸಿಗ್ನಲ್ ಹಗುರವಾಗಲೇಬೇಕು. ಆ ವಾಹನ ಮುಂದೆ ಎಲ್ಲಿ ನಿಲ್ಲುತ್ತದೆ ಅನ್ನುವುದು ಬೇರೆ ಮಾತು.

ಸಿಗ್ನಲ್ಲಿನಲ್ಲಿ ಹಸಿರು ಇರುವಾಗ ಗಂಟೆಗೆ ಎಷ್ಟು ವಾಹನ ದಾಟಬಹುದು ಎಂಬುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಂದರೆ ಐಆರ್‌ಸಿ ಒಂದು ಸರಳ ಸೂತ್ರ ಕೊಟ್ಟಿದೆ. ರಸ್ತೆಯ ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು 525ರಿಂದ ಗುಣಿಸುವುದು. ಬಂದ ಉತ್ತರ ಪಿಸಿಯು ಲೆಕ್ಕದಲ್ಲಿರುತ್ತದೆ. ಪಿಸಿಯು ಎಂದರೆ ಎಲ್ಲ ವಾಹನಗಳನ್ನೂ ಕಾರಿನ ಅಳತೆಗೆ ಇಳಿಸಿದ ಮಾನ. ಮುಂದಿನ ಸಿಗ್ನಲ್ಲಿಗೆ ಬರುವ ರಸ್ತೆ ಒಂದು ಬದಿಗೆ 7 ಮೀಟರ್ ಇದೆ ಅಂದುಕೊಳ್ಳಿ: 3,675. ಆ ಬದಿಗೆ ಹಸಿರು ಸಿಗುವುದು ಒಟ್ಟು ಸಮಯದ ಶೇ 40 ಮಾತ್ರ ಆದರೆ ಗಂಟೆಗೆ ದಾಟುವುದು 1,470. ಈಗ ಸೇತುವೆಯಿಂದ 1,000, ಸರ್ವಿಸ್ ರಸ್ತೆಯಿಂದ 900 ಬಂದರೆ ಗಂಟೆಗೆ 430 ಉಳಿದುಹೋಗುತ್ತದೆ. ಸೇತುವೆ ಇಳಿಯುವ ಜಾಗದಿಂದ ಆ ಸಿಗ್ನಲ್ಲಿಗೆ 390 ಮೀಟರ್. ಒಂದು ಪಿಸಿಯುಗೆ 6 ಮೀಟರ್, ಎರಡು ಸಾಲು ಅಂತ ಹಿಡಿದರೆ ಅಲ್ಲಿ ನಿಲ್ಲಬಹುದಾದದ್ದು 130. ಅಂದರೆ ದಟ್ಟಣೆಯ ಹೊತ್ತು ಶುರುವಾದ ಇಪ್ಪತ್ತು ನಿಮಿಷದೊಳಗೆ ಸಾಲು ಸೇತುವೆ ಹತ್ತಿರುತ್ತದೆ. ಮೇಲೆ ಸಿಕ್ಕಿಹಾಕಿಕೊಂಡವರು ಪಕ್ಕಕ್ಕೆ ತಿರುಗಿಕೊಳ್ಳಲೂ ಆಗುವುದಿಲ್ಲ. ಮಧ್ಯೆ ವಿಭಜಕವಿಲ್ಲದ ದ್ವಿಪಥ ಸೇತುವೆಯ ಮೇಲೆ ಒಂದು ಬಸ್ಸು ಕೆಟ್ಟು ನಿಂತರೆ ಎರಡೂ ದಿಕ್ಕಿಗೆ ತೊಂದರೆ.

ಇವು ನಾನು ಹಿಡಿದ ಅಂಕಿಗಳು. ನಿಮ್ಮ ಸಿಗ್ನಲ್ಲಿನ ಅಗಲ, ಹಸಿರಿನ ಸೆಕೆಂಡುಗಳನ್ನು ಅಳೆದು ಇದೇ ಲೆಕ್ಕಕ್ಕೆ ಹಾಕಿ. ಉತ್ತರ ಬೇರೆ ಬಂದರೆ ಅದನ್ನೇ ನಂಬಿ, ಸೇತುವೆಯ ಪರವಾಗಿ ಬಂದರೂ.

ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ತೆರೆದಾಗ ದೊಡ್ಡ ಪರಿಹಾರವೇ ಆಗಿತ್ತು. ಆದರೂ ಅದು ಸಾಲದೆ ಅಲ್ಲಿಗೆ ಆಮೇಲೆ ಹೊಸ ಹೊಸ ಲೂಪ್ ಕೂಡಿಸಬೇಕಾಯಿತು.

ಇನ್ನು ಮೇಲ್ಸೇತುವೆ ನಿಜಕ್ಕೂ ಬೇಕಾಗುವುದು ಯಾವಾಗ? ಐಆರ್‌ಸಿ ಮಾರ್ಗಸೂಚಿಯ ಪ್ರಕಾರ ವೃತ್ತದ ಎಲ್ಲ ರಸ್ತೆಗಳನ್ನೂ ಸೇರಿಸಿ ಗಂಟೆಗೆ 10,000 ಪಿಸಿಯು ಮೀರಿದರೆ ಅದು ಸಮರ್ಥನೀಯ. ರೈಲ್ವೆ ಗೇಟಿನಲ್ಲಿ ಆಂಬುಲೆನ್ಸ್ ನಿಲ್ಲುತ್ತಿದ್ದರೆ ಅದು ಪೂರ್ತಿ ಬೇರೆ ವಿಷಯ, ಅಲ್ಲಿ ಮೇಲ್ಸೇತುವೆಗೆ ಅಡ್ಡ ಬರಬಾರದು ಎಂದೇ ಹೇಳುತ್ತೇನೆ. ರಿಂಗ್ ರಸ್ತೆಯಲ್ಲಿ ಹತ್ತರಲ್ಲಿ ಏಳೆಂಟು ವಾಹನ ನೇರ ಹೋಗುವಂಥವಾದರೂ ಅಷ್ಟೆ. 18 ಮೀಟರ್ ರಸ್ತೆಗಳು ಕೂಡುವ ಬಡಾವಣೆಯ ವೃತ್ತದಲ್ಲಿ 10,000 ದಾಟುವುದು ಅಪರೂಪ.

ನೀವೇ ಎಣಿಸಿ

ನಾಲ್ಕು ರಸ್ತೆಯ ವೃತ್ತದಲ್ಲಿ ಹನ್ನೆರಡು ಚಲನೆಗಳಿವೆ: ಪ್ರತಿ ರಸ್ತೆಯಿಂದ ಎಡ, ಬಲ, ನೇರ. ಮಂಗಳವಾರದಿಂದ ಗುರುವಾರದ ನಡುವೆ, ಹಬ್ಬ-ರಜೆ-ಮಳೆ ಇಲ್ಲದ ಎರಡು ದಿನ, ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8. ವೃತ್ತ ಕಾಣುವ ಮೂರನೇ ಮಹಡಿಯ ಟೆರೇಸಿನಿಂದ ಎರಡು ಮೊಬೈಲಿನಲ್ಲಿ ವಿಡಿಯೊ ಮಾಡಿ, ಆಮೇಲೆ ಮನೆಯಲ್ಲಿ ಕೂತು 15 ನಿಮಿಷದ ಕಂತುಗಳಲ್ಲಿ ಎಣಿಸಬಹುದು. ವಿಡಿಯೊ ಉಳಿಸಿಕೊಳ್ಳಿ. ಪಾಲಿಕೆಯ ಎಂಜಿನಿಯರ್ ನಿಮ್ಮ ಅಂಕಿ ಒಪ್ಪದಿದ್ದರೆ ಮತ್ತೆ ಎಣಿಸಲು ಅದೇ ಆಧಾರ.

ಎಣಿಸಿದ ಸಂಖ್ಯೆಯನ್ನು ಹಾಗೇ ಕೂಡಿಸಬಾರದು. ನಗರ ರಸ್ತೆಗಳಿಗೆ ಐಆರ್‌ಸಿ ಕೊಟ್ಟ ಗುಣಕಗಳಿವೆ. ದ್ವಿಚಕ್ರ ವಾಹನ ಒಟ್ಟಿನ ಶೇ 10 ಮೀರಿದ್ದರೆ 0.75, ಕಾರು 1, ಆಟೋ ಶೇ 10ರಷ್ಟಿದ್ದರೆ 2, ಬಸ್ಸು-ಲಾರಿ ಶೇ 5ರ ಒಳಗಿದ್ದರೆ 2.2. ದಟ್ಟಣೆಯ ಗಂಟೆಯಲ್ಲಿ 3,000 ದ್ವಿಚಕ್ರ, 1,400 ಕಾರು, 500 ಆಟೋ, 60 ಬಸ್ಸು ದಾಟಿದವು ಎನ್ನಿ. 2,250, 1,400, 1,000, 132, ಒಟ್ಟು 4,782. ಹತ್ತು ಸಾವಿರದ ಅರ್ಧಕ್ಕೂ ಕಡಿಮೆ. ಜನ ಐದು ಸಾವಿರ ವಾಹನ ಅಂತ ಗಾಬರಿಯಾಗುವ ಜಾಗ ಸೇತುವೆಯ ಮಾನದಂಡದ ಹತ್ತಿರವೂ ಇಲ್ಲದಿರಬಹುದು. ದ್ವಿಪಥ ರಸ್ತೆ ಎರಡೂ ದಿಕ್ಕು ಸೇರಿ ಗಂಟೆಗೆ ಸರಾಗವಾಗಿ ಸಾಗಿಸುವುದು 1,500 ಪಿಸಿಯು ಎಂದು ಅದೇ ಐಆರ್‌ಸಿ ಹೇಳುತ್ತದೆ. 70 ಕೋಟಿಯ ಸೇತುವೆ ಆ 4,782ರಲ್ಲಿ ಮೂರನೇ ಒಂದು ಪಾಲನ್ನೂ ಹೊರುವುದಿಲ್ಲ. ಬಲಕ್ಕೆ, ಎಡಕ್ಕೆ ತಿರುಗುವವರು, ಕೆಳಗಿನ ನಿಲ್ದಾಣಕ್ಕೆ ಬರಬೇಕಾದ ಬಸ್ಸುಗಳು ಕೆಳಗೇ ಉಳಿಯುತ್ತವೆ, ಅದೂ ಮೊದಲಿಗಿಂತ ಕಿರಿದಾದ ರಸ್ತೆಯಲ್ಲಿ.

ಪಾಲಿಕೆಯ ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್ ಕೈಗೆ ಬಂದಾಗ ಬೆಳವಣಿಗೆಯ ದರ ಬರೆದಿರುವ ಪುಟವನ್ನು ಮೊದಲು ತೆರೆಯಿರಿ. ವರ್ಷಕ್ಕೆ ಶೇ 5 ಅಂದರೆ 14 ವರ್ಷದಲ್ಲಿ ವಾಹನ ಇಮ್ಮಡಿ, ಶೇ 7 ಅಂದರೆ ಹತ್ತೇ ವರ್ಷದಲ್ಲಿ. ಈಗಾಗಲೇ ತುಂಬಿರುವ 18 ಮೀಟರ್ ರಸ್ತೆಗೆ ಇಮ್ಮಡಿ ವಾಹನ ಬಂದು ಸೇರುವುದು ಹೇಗೆ? ಅದು ಸಾಧ್ಯವಿಲ್ಲ, ಆದರೂ ಆ ಕಾಲ್ಪನಿಕ ದಟ್ಟಣೆಯಲ್ಲಿ ಉಳಿಯುವ ಸಮಯವನ್ನೇ ಲಾಭ ಎಂದು ಲೆಕ್ಕ ಹಾಕಿರುವುದುಂಟು. ವೆಚ್ಚ ಶೇ 15 ಹೆಚ್ಚಾಗಿ ಲಾಭ ಶೇ 15 ಕಡಿಮೆಯಾದರೂ ಯೋಜನೆ ನಿಲ್ಲುತ್ತದೆಯೇ ಎಂಬ ಪರೀಕ್ಷೆ ಮಾಡಿದ್ದಾರೆಯೇ ನೋಡಿ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಸ್ಥಳಾಂತರದ ಖರ್ಚು, ಜಾಗದ ಪರಿಹಾರ ಆ 70 ಕೋಟಿಯ ಒಳಗಿದೆಯೇ ಹೊರಗಿದೆಯೇ ಎಂದು ಕೇಳಿ. ಕೆಲಸ ನಿಂತುಹೋಗುವುದು ಬಹುಪಾಲು ಇಲ್ಲೇ. 2017ರಲ್ಲಿ ಆರಂಭವಾದ ಈಜಿಪುರದ ಎರಡೂವರೆ ಕಿಲೋಮೀಟರ್ ಸೇತುವೆ 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಮೊದಲ ಗುತ್ತಿಗೆಯೇ ರದ್ದಾಯಿತು. ಅಷ್ಟೂ ವರ್ಷ ಕೆಳಗಿನ ಅಂಗಡಿಯವರು ಬರಿಯ ಕಂಬಗಳ ನಡುವೆ ವ್ಯಾಪಾರ ಮಾಡಿದರು.

ಉಕ್ಕಿನ ಸೇತುವೆ ಆರು ತಿಂಗಳಲ್ಲಿ ಮುಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೊಲೆಗಳು ಕಾರ್ಖಾನೆಯಲ್ಲಿ ಬೇಗ ಆಗುತ್ತವೆ. ಅಡಿಪಾಯ, ಕೊಳವೆ ಸ್ಥಳಾಂತರ, ಜಾಗದ ಕೆಲಸಕ್ಕೆ ಉಕ್ಕಾದರೂ ಕಾಂಕ್ರೀಟಾದರೂ ಅಷ್ಟೇ ಸಮಯ.

ಬದಲಿ ಏನು?

ಬೇಡ ಅಂದವರನ್ನು ಮೊದಲು ಕೇಳುವ ಪ್ರಶ್ನೆ ಇದು, ಕೇಳುವುದು ನ್ಯಾಯವೂ ಹೌದು.

ನಿಮ್ಮ ಸಿಗ್ನಲ್ಲಿನ ಒಂದು ಸುತ್ತು 160 ಸೆಕೆಂಡು, ನಾಲ್ಕು ಹಂತ, ಮುಖ್ಯರಸ್ತೆಗೆ ಹಸಿರು 60 ಸೆಕೆಂಡು ಎನ್ನಿ. 7 ಮೀಟರ್ ರಸ್ತೆಗೆ ಗಂಟೆಗೆ 1,378 ಪಿಸಿಯು ದಾಟುತ್ತದೆ. ಕಡಿಮೆ ಬಳಕೆಯ ಒಂದು ಬಲ ತಿರುವನ್ನು ದಟ್ಟಣೆಯ ಹೊತ್ತಿನಲ್ಲಿ ನಿಲ್ಲಿಸಿ, ಅದರ 25 ಸೆಕೆಂಡು ಮುಖ್ಯರಸ್ತೆಗೆ ಕೊಟ್ಟರೆ ಹಸಿರು 85 ಆಗುತ್ತದೆ, ದಾಟುವುದು 1,952. ಶೇ 40ರಷ್ಟು ಹೆಚ್ಚಳ. ಇದಕ್ಕೆ ಬೇಕಾದದ್ದು ಫಲಕ, ಬಣ್ಣ, ಸಿಗ್ನಲ್ ಪೆಟ್ಟಿಗೆಯ ಹೊಂದಾಣಿಕೆ. ಇದರಲ್ಲೂ ಅಪಾಯವಿದೆ. ಬಲಕ್ಕೆ ಹೋಗಬೇಕಾದವರು ನಿಮ್ಮ ಒಳರಸ್ತೆಗಳಿಗೆ ನುಗ್ಗುತ್ತಾರೆ. ಹಾಗಾಗಿ ಯು-ತಿರುವಿಗೆ ಜಾಗ ಎಲ್ಲಿ, ಒಳರಸ್ತೆಯಲ್ಲಿ ವೇಗ ತಡೆ ಹೇಗೆ ಎಂದು ಮೊದಲೇ ನಿರ್ಧರಿಸಿ, ಸಂಚಾರ ಪೊಲೀಸರ ಜೊತೆ ಎರಡು ವಾರದ ಪ್ರಯೋಗ ಕೇಳಿ. ಪ್ರಯೋಗ ವಿಫಲವಾದರೆ ತಗಡಿನ ಬ್ಯಾರಿಕೇಡ್ ಎತ್ತಿ ಬದಿಗಿಟ್ಟರಾಯಿತು.

ಸಿಗ್ನಲ್ ಗೆರೆಯ ಹತ್ತಿರ ನಿಂತ ಒಂದೇ ಕಾರು 7 ಮೀಟರಿನಲ್ಲಿ ಎರಡೂವರೆ ಮೀಟರ್ ನುಂಗುತ್ತದೆ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ವೃತ್ತದ ಬಾಯಲ್ಲೇ ಇರುವ ಬಸ್ ನಿಲ್ದಾಣವನ್ನು ವೃತ್ತ ದಾಟಿದ ಮೇಲೆ 75 ಮೀಟರ್ ಮುಂದಕ್ಕೆ ಒಯ್ಯುವುದು, 50 ಮೀಟರ್ ಪಾರ್ಕಿಂಗ್ ನಿಷೇಧ, ಎಡ ತಿರುವಿಗೆ ಪ್ರತ್ಯೇಕ ಜಾಗ, ಇವಿಷ್ಟನ್ನು ಗಟ್ಟಿಯಾಗಿ ಜಾರಿ ಮಾಡಿದರೆ ಅನೇಕ ವೃತ್ತಗಳು ಉಸಿರಾಡುತ್ತವೆ. ಇಲ್ಲಿ ನಿಮ್ಮ ಬಡಾವಣೆಯ ಪ್ರಾಮಾಣಿಕತೆಗೂ ಪರೀಕ್ಷೆ ಇದೆ. ಆ 50 ಮೀಟರಿನಲ್ಲಿ ನಿಲ್ಲುವ ಕಾರುಗಳಲ್ಲಿ ನಿಮ್ಮವೂ ಇರುತ್ತವೆ.

ಕೆಳಸೇತುವೆ ಆಗಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಮರ, ನೋಟ ಒಂದಿಷ್ಟು ಉಳಿಯುತ್ತದೆ, ನಿಜ. ಆದರೆ ಅಗಲದ ಸಮಸ್ಯೆ ಅದಕ್ಕೂ ಇದೆ, ನೆಲದಡಿಯ ಕೊಳವೆಗಳ ಸಮಸ್ಯೆ ಇಮ್ಮಡಿ, ಜೊತೆಗೆ ಮಳೆ ನೀರು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ನಿಂತ ನೀರಿಗೆ ಸಿಕ್ಕಿ ಕಾರಿನಲ್ಲಿದ್ದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ನೀರು ತಾನಾಗಿ ಹರಿದು ಹೋಗುವ ತಗ್ಗು ಹತ್ತಿರದಲ್ಲಿ ಇಲ್ಲದಿದ್ದರೆ, ಪಂಪನ್ನೇ ನೆಚ್ಚಿಕೊಳ್ಳಬೇಕಾದರೆ ನಾನು ಒಪ್ಪುವುದಿಲ್ಲ.

ತೀರ್ಮಾನ ಆಗಿಬಿಟ್ಟಿದೆಯೇ?

ಪತ್ರಿಕೆಯಲ್ಲಿ ಬಂದದ್ದು ತೀರ್ಮಾನವಲ್ಲ. ಸಾಧ್ಯತಾ ವರದಿ, ಡಿಪಿಆರ್, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಈ ಕ್ರಮದಲ್ಲಿ ಕಡತ ಸಾಗುತ್ತದೆ. ಟೆಂಡರಿಗೆ ಮೊದಲು ಪ್ರಶ್ನೆ ಕೇಳಿದರೆ ಬದಲಾಯಿಸಲು ಕಾಗದ ಸಾಕು. ಕಾರ್ಯಾದೇಶದ ನಂತರ ಕೇಳಿದರೆ ಗುತ್ತಿಗೆದಾರರಿಗೆ ಪರಿಹಾರ ಕೊಡಬೇಕಾದ ಪ್ರಶ್ನೆ ಏಳುತ್ತದೆ, ಯಾವ ಅಧಿಕಾರಿಯೂ ಅದಕ್ಕೆ ಸಹಿ ಹಾಕಲು ಮುಂದೆ ಬರುವುದಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಆಗುವುದು ಆಗಲೇ. ನಿಮ್ಮ ಕಡತ ಯಾವ ಹಂತದಲ್ಲಿದೆ ಎಂದು ತಿಳಿಯುವುದು ಈ ವಾರದ ಕೆಲಸ.

ಕೆಂಪು ಗುರುತು ಸ್ವಾಧೀನವಲ್ಲ. ಕಡ್ಡಾಯ ಸ್ವಾಧೀನವಾದರೆ 2013ರ ಭೂಸ್ವಾಧೀನ ಕಾಯ್ದೆಯ ಸೆಕ್ಷನ್ 11ರ ಪ್ರಾಥಮಿಕ ಅಧಿಸೂಚನೆ ಬರಬೇಕು, ಅದರಿಂದ 60 ದಿನ ಆಕ್ಷೇಪಣೆಗೆ ಅವಕಾಶ, ಬೆಲೆಯ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಕಡ್ಡಾಯವಾಗಿ ಜಾಗ ಬಿಡಬೇಕಾದದ್ದಕ್ಕೆ ಹೆಚ್ಚುವರಿ ಪರಿಹಾರ. ಬಿಟ್ಟ ಜಾಗಕ್ಕೆ ಹಣದ ಬದಲು ಬೇರೆಡೆ ಹೆಚ್ಚು ಕಟ್ಟಲು ಅಥವಾ ಮಾರಲು ಬರುವ ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ ಅಂದರೆ ಟಿಡಿಆರ್ ಕೊಡುತ್ತೇವೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ಮನೆಗೆ ಬಂದರೆ ಎಷ್ಟು ಚದರ ಮೀಟರ್ ಹೋಗುತ್ತದೆ, ಉಳಿದ ಕಟ್ಟಡ ನಿಯಮಕ್ಕೆ ಒಳಪಡುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯುವವರೆಗೆ ಸಹಿ ಬೇಡ.

ಮರಗಳ ವಿಷಯದಲ್ಲಿ ನಿಮ್ಮ 58 ಮುಖ್ಯವಾದ ಸಂಖ್ಯೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷ ಅಧಿಕಾರಿ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಿ, ಪರಿಶೀಲಿಸಿ ನಿರ್ಧರಿಸಬೇಕು. ಒಂದೇ ಯೋಜನೆಯ ಮರಗಳಿಗೆ ಎರಡು ಪ್ರತ್ಯೇಕ ಅರ್ಜಿ ಬಂದಿದೆಯೇ ವಿಚಾರಿಸಿ. ನೀವೇ ಪಟ್ಟಿ ಮಾಡಿ: ಮರದ ನಂಬರ್, ಜಾತಿ, ಎದೆಮಟ್ಟದ ಸುತ್ತಳತೆ, ಸೇತುವೆಯ ಗೆರೆಯಿಂದ ದೂರ, ಫೋಟೊ. ಕಿತ್ತು ಬೇರೆಡೆ ನೆಡುತ್ತೇವೆ ಎಂಬ ಭರವಸೆಯನ್ನು ಜಾತಿ ನೋಡಿ ತೂಗಿ. ಆಲ, ಅತ್ತಿ, ಅರಳಿ ತಡೆದುಕೊಳ್ಳುತ್ತವೆ. ಅರ್ಧ ಶತಮಾನದ ಮಳೆಮರವನ್ನು ಬೇರಿನ ಹೆಂಟೆ ಸಮೇತ ಎತ್ತಿ ಸಾಗಿಸಿ ಉಳಿಸುವುದು ಬಲು ಕಷ್ಟ.

ಕೋರ್ಟು ಮತ್ತು ಬೀದಿ

ಸಿವಿಲ್ ಕೋರ್ಟಿನ ತಡೆಯಾಜ್ಞೆ ಎಂಬ ದಾರಿ ಬಹುಮಟ್ಟಿಗೆ ಮುಚ್ಚಿದೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಮೂಲಸೌಕರ್ಯ ಯೋಜನೆ ವಿಳಂಬವಾಗುವಂಥ ತಡೆ ಕೊಡುವಂತಿಲ್ಲ. ರಸ್ತೆ, ಸೇತುವೆ ಆ ಪಟ್ಟಿಯಲ್ಲಿವೆ. ಉಳಿಯುವುದು ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ, ಇಲ್ಲವೇ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಹೈಕೋರ್ಟ್ ಸೇತುವೆ ಒಳ್ಳೆಯದೋ ಕೆಟ್ಟದ್ದೋ ಎಂದು ಎಂಜಿನಿಯರಂತೆ ತೂಗುವುದಿಲ್ಲ, ಕಾನೂನಿನ ಕ್ರಮ ತಪ್ಪಿದೆಯೇ ಎಂದು ನೋಡುತ್ತದೆ. ಮರಗಳಿಗೆ ಆಕ್ಷೇಪಣೆ ಕರೆಯದಿರುವುದು, ಅನುಮೋದನೆ ಇಲ್ಲದೆ ಟೆಂಡರ್ ಕರೆದಿರುವುದು ಅಂಥ ತಪ್ಪುಗಳು. ನ್ಯಾಯಮಂಡಳಿಗೆ ಆರು ತಿಂಗಳ ಕಾಲಮಿತಿ ಇದೆ, ಮತ್ತು ರಾಜ್ಯದ ವೃಕ್ಷ ಕಾಯ್ದೆ ಅದರ ಪಟ್ಟಿಯಲ್ಲಿಲ್ಲ. ಬರಿಯ ಮರದ ವಿಷಯ ಹಿಡಿದು ಅಲ್ಲಿಗೆ ಹೋದರೆ ಬಾಗಿಲಲ್ಲೇ ತಡೆಯುತ್ತಾರೆ. ಕಾಲಿಟ್ಟ ದಿನವೇ ಅರ್ಜಿ ವಜಾ ಆದರೆ ಪಾಲಿಕೆ ಅದನ್ನೇ ಒಪ್ಪಿಗೆಯ ಮುದ್ರೆಯಂತೆ ತೋರಿಸುತ್ತದೆ. ದಾಖಲೆ ಕೈಯಲ್ಲಿಲ್ಲದೆ ಕೋರ್ಟಿಗೆ ಹೋಗಬೇಡಿ ಅನ್ನುವುದು ಇದಕ್ಕೇ.

ಪೊಲೀಸ್ ಕೇಸಿನ ಭಯ ಹುಸಿಯಲ್ಲ. ಬೆಂಗಳೂರಿನಲ್ಲಿ 2021ರ ಆದೇಶದ ಪ್ರಕಾರ ಪ್ರತಿಭಟನೆ, ಮೆರವಣಿಗೆಗೆ ಜಾಗ ಫ್ರೀಡಂ ಪಾರ್ಕ್ ಮಾತ್ರ. 2023ರ ಫೆಬ್ರುವರಿಯಲ್ಲಿ ಸ್ಯಾಂಕಿ ಕೆರೆಯ ಪಕ್ಕದ ಮೇಲ್ಸೇತುವೆ ವಿರೋಧಿಸಿ ನಡೆದ ನಿವಾಸಿಗಳ ಮೇಲೆ ಪ್ರಕರಣ ದಾಖಲಾಗಿತ್ತು. ಅವರು ತಮ್ಮ ಬೀದಿಯಲ್ಲಿ ಶಾಂತವಾಗಿ ನಡೆದವರು. ಅಂಥವರ ಮೇಲೆ ಕೇಸು ಹಾಕಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ನಿಮ್ಮಲ್ಲಿ ಪಾಸ್‌ಪೋರ್ಟ್, ಸರ್ಕಾರಿ ನೌಕರಿಗೆ ಅರ್ಜಿ ಹಾಕಿದ ಮಕ್ಕಳಿದ್ದರೆ ಈ ಅಪಾಯವನ್ನು ಮೊದಲೇ ತಿಳಿಸಿ. ಅಪಾರ್ಟ್‌ಮೆಂಟಿನ ಅಂಗಳದಲ್ಲೋ ಸಂಘದ ಸಭಾಂಗಣದಲ್ಲೋ ಸಭೆ ನಡೆಸಲು, ಒಬ್ಬೊಬ್ಬರಾಗಿ ಲಿಖಿತ ಆಕ್ಷೇಪಣೆ ಕೊಡಲು ಈ ತೊಡಕಿಲ್ಲ. ಸ್ಯಾಂಕಿಯ ಸೇತುವೆಯ ಕೆಲಸ ಆರಂಭವಾಗಲಿಲ್ಲ ಎಂಬುದನ್ನೂ ಹೇಳಬೇಕು.

ಇದಕ್ಕಿಂತ ದೊಡ್ಡ ಉದಾಹರಣೆ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉದ್ದೇಶಿಸಿದ್ದ ಉಕ್ಕಿನ ಸೇತುವೆ. 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, 812 ಮರ. 2016ರ ಅಕ್ಟೋಬರ್ 16ರಂದು ಸಾವಿರಾರು ಜನ 'ಬೇಡ' ಎಂದು ಮಾನವ ಸರಪಳಿ ನಿರ್ಮಿಸಿದ್ದು ಎಲ್ಲರಿಗೂ ನೆನಪಿದೆ. ಅದೇ ತಿಂಗಳ ಕೊನೆಗೆ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್ 2ರಂದು ಸರ್ಕಾರ ಯೋಜನೆ ಕೈಬಿಟ್ಟಿತು. ಸರಪಳಿ ನೆನಪಿರುವವರಿಗೆ ಅದರ ಹಿಂದಿನ ಕಾಗದದ ಕೆಲಸ ನೆನಪಿಲ್ಲ. ವೆಚ್ಚದ ಏರಿಕೆ, ಪರಿಸರ ಅನುಮತಿ, ಮಹಾನಗರ ಯೋಜನಾ ಸಮಿತಿಯ ಪಾತ್ರ ಎಲ್ಲವನ್ನೂ ಪ್ರಶ್ನೆಯಾಗಿ ಬರೆದಿಟ್ಟವರು ಇದ್ದರು. ಎರಡೇ ವರ್ಷದಲ್ಲಿ, 2019ರಲ್ಲಿ, ಆ ಯೋಜನೆಯ ಮಾತು ಮತ್ತೆ ಬಂತು, ಹಳೆಯ ಕಡತಗಳೇ ಮತ್ತೆ ಕೆಲಸಕ್ಕೆ ಬಂದವು. ನಿಮ್ಮ ಕಾಗದಗಳನ್ನೂ ಜೋಪಾನ ಮಾಡಿ.

ಈ ವಾರ

ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉದ್ದ ಬರೆದರೆ ಅದೇ ಕಾರಣಕ್ಕೆ ವಾಪಸು ಬರುತ್ತದೆ. ಏಕೆ, ಸರಿಯೇ ಎಂದು ಅಭಿಪ್ರಾಯ ಕೇಳಬಾರದು, ದಾಖಲೆ ಕೇಳಬೇಕು. ಹೀಗೆ ಬರೆಯಬಹುದು:

"ಇಂಥ ವೃತ್ತದ ಉದ್ದೇಶಿತ ಮೇಲ್ಸೇತುವೆಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: ಸಾಧ್ಯತಾ ವರದಿ ಮತ್ತು ಡಿಪಿಆರ್, ವಾಹನ ಎಣಿಕೆಯ ಮೂಲ ಹಾಳೆಗಳು, ದಿನಾಂಕ ಸಹಿತ, ಪರಿಶೀಲಿಸಿದ ಇತರ ಪರ್ಯಾಯಗಳ ಟಿಪ್ಪಣಿ, ಆಡಳಿತಾತ್ಮಕ ಅನುಮೋದನೆಯ ಆದೇಶ, ಉದ್ದ ಮತ್ತು ಅಡ್ಡ ಛೇದದ ನಕ್ಷೆ, ಸ್ವಾಧೀನವಾಗುವ ಆಸ್ತಿಗಳ ಪಟ್ಟಿ. ಜೊತೆಗೆ ಸದರಿ ಕಡತವನ್ನು ಖುದ್ದು ಪರಿಶೀಲಿಸಲು ದಿನಾಂಕ ನಿಗದಿ ಮಾಡಿ."

ಕೊನೆಯ ವಾಕ್ಯ ಬಿಡಬೇಡಿ. ಪ್ರತಿ ಬರುವುದು ತಡವಾದರೂ ಕಡತ ನೋಡುವ ಹಕ್ಕು ನಿಮಗಿದೆ, ಅದರಲ್ಲಿರುವ ಟಿಪ್ಪಣಿ ಹಾಳೆಗಳಲ್ಲಿ ಯಾವ ಅಧಿಕಾರಿ ಯಾವ ಆಕ್ಷೇಪ ಎತ್ತಿದ್ದರು ಎಂದು ಗೊತ್ತಾಗುತ್ತದೆ. ಮರಗಳ ಬಗ್ಗೆ ಬೇರೆ ಅರ್ಜಿ, ವೃಕ್ಷ ಅಧಿಕಾರಿಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಇದರ ಜೊತೆಗೇ ಒಂದು ಪುಟದ ಆಕ್ಷೇಪಣೆಯನ್ನು ಪಾಲಿಕೆ ಆಯುಕ್ತರಿಗೆ, ಯೋಜನೆಯ ಮುಖ್ಯ ಎಂಜಿನಿಯರಿಗೆ, ಸಂಚಾರ ಡಿಸಿಪಿಗೆ, ನಗರ ಭೂಸಾರಿಗೆ ನಿರ್ದೇಶನಾಲಯಕ್ಕೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮುಂದೆ ಕೋರ್ಟು ನೀವು ತಡ ಮಾಡಿದಿರಿ ಎಂದರೆ ತೋರಿಸಲು ಆ ಮುದ್ರೆ ಬೇಕು.

ಅರ್ಜಿಯ ಉತ್ತರಕ್ಕೆ ಕಾಯುವ 30 ದಿನದಲ್ಲೇ ಎಣಿಕೆ ಮುಗಿಸಿ. ಶಾಲೆಗಳ ಪರೀಕ್ಷೆ, ರಜೆ ಶುರುವಾದ ಮೇಲೆ ಎಣಿಸಿದರೆ ಸಂಖ್ಯೆ ಕಡಿಮೆ ಬರುತ್ತದೆ, ಪಾಲಿಕೆಯ ಸಲಹೆಗಾರರು ಅದನ್ನು ಮೊದಲ ಸಭೆಯಲ್ಲೇ ತಳ್ಳಿಹಾಕುತ್ತಾರೆ. ಸೇತುವೆ ಬೇಕು ಅನ್ನುವ ಅರ್ಧದವರಲ್ಲಿ ಇಬ್ಬರನ್ನಾದರೂ ಟೆರೇಸಿನ ಮೇಲೆ ಎಣಿಸಲು ಕೂರಿಸಿಕೊಳ್ಳಿ.